ಟರ್ಬೈನ್ ಬಿಚ್ಚಿದಾಗ ಮೊದಲು ಅಳೆಯಿರಿ, ಆಮೇಲೆ ಒರೆಸಿ

ಕಬ್ಬು ನುರಿಸುವ ಹಂಗಾಮು ಮುಗಿದು, ಮುಂಡರಗಿ, ಸಂಗೂರಿನ ರಸ್ತೆಗಳಲ್ಲಿ ಟ್ರ್ಯಾಕ್ಟರ್‌ಗಳ ಸಾಲು ಕರಗಿದ ಮೇಲೆ ಸಕ್ಕರೆ ಕಾರ್ಖಾನೆಗಳ ಒಳಗೆ ಇನ್ನೊಂದು ಹಂಗಾಮು ಶುರುವಾಗುತ್ತದೆ. ಬಾಯ್ಲರ್ ಆರಿಸಿ, ಗಾಣದ ರೋಲರ್ ಇಳಿಸಿ, ಉಗಿ ಟರ್ಬೈನಿನ ಮೇಲ್ಕವಚ ಎತ್ತುವ ಕಾಲ ಇದು. ಕೈಯಲ್ಲಿರುವುದು ಕೆಲವೇ ತಿಂಗಳು, ಹಣವೂ ಎಣಿಸಿಟ್ಟದ್ದು. ಯಾವ ದೋಷವನ್ನು ಈ ವರ್ಷವೇ ಸರಿಪಡಿಸಬೇಕು, ಯಾವುದನ್ನು ಮುಂದಿನ ವರ್ಷಕ್ಕೆ ಬಿಡಬಹುದು ಎಂದು ಲೆಕ್ಕ ಹಾಕಿ ನಿರ್ಧರಿಸುವುದು ಹೇಗೆ?

ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಒಂದು ಕಾರ್ಖಾನೆಗೆ ಟರ್ಬೈನ್ ನೋಡಲು ಹೋಗಿದ್ದೆ. ಹುಬ್ಬಳ್ಳಿಯಿಂದ ಬೆಳಗಿನ ಬಸ್ ಹಿಡಿದು ತಲುಪುವಷ್ಟರಲ್ಲಿ ಫಿಟ್ಟರ್‌ಗಳು ಉಗಿ ತಳ್ಳಿ ತಿರುಗಿಸುವ ಬ್ಲೇಡ್‌ಗಳನ್ನೆಲ್ಲ ಎಮರಿ ಕಾಗದದಿಂದ ಉಜ್ಜಿ ಬೆಳ್ಳಿ ಪಾತ್ರೆಯಂತೆ ಬೆಳಗಿದ್ದರು. ‘ಸಾಹೇಬರೇ, ನೀವು ಬರುವ ಮೊದಲೇ ಎಲ್ಲ ಚೊಕ್ಕ ಮಾಡಿದ್ದೇವೆ’ ಎಂದು ಹಿರಿಯ ಫಿಟ್ಟರ್ ಪ್ರೀತಿಯಿಂದ ಹೇಳಿದರು. ಎರಡು ದಿನದ ಆ ದುಡಿಮೆಯಲ್ಲಿ ನನಗೆ ಬೇಕಾಗಿದ್ದ ಸಾಕ್ಷ್ಯವೆಲ್ಲ ಅಳಿಸಿಹೋಗಿತ್ತು. ಬ್ಲೇಡಿನ ಮೇಲೆ ಎಷ್ಟು ದಪ್ಪ ಪದರು ಕೂತಿತ್ತು, ಅದು ಉಪ್ಪೋ ಸಿಲಿಕಾವೋ ಎಂದು ಹೇಳುವವರು ಯಾರೂ ಇರಲಿಲ್ಲ. ಮುಂದಿನ ಹಂಗಾಮಿನಲ್ಲಿ ಅದೇ ಪದರು ಮತ್ತೆ ಕೂತಿತು. ಆ ಸಂಕಟ ಇನ್ನೂ ನನ್ನೊಳಗಿದೆ. ತಪಾಸಣೆಯನ್ನು ಶುಚಿಗೊಳಿಸುವ ಮೊದಲೇ ಮಾಡಿ ಎಂದು ಹೋದಲ್ಲೆಲ್ಲ ಹೇಳುತ್ತಿರುವುದು ಅದಕ್ಕಾಗಿಯೇ.

ಯಂತ್ರ ಓಡುತ್ತಿರುವಾಗಲೇ ಶುರು ಮಾಡಿ

ಹಂಗಾಮಿನ ಕೊನೆಯ ವಾರದಲ್ಲಿ ಒಂದು ದಿನ ಆರಿಸಿಕೊಳ್ಳಿ. ಉಗಿಯ ಒತ್ತಡ, ಉಷ್ಣತೆ, ಗಂಟೆಗೆ ಎಷ್ಟು ಟನ್ ಉಗಿ, ಮೊದಲ ಹಂತದ (ಉಗಿ ಒಂದಾದ ಮೇಲೊಂದರಂತೆ ಹಾಯುವ ಬ್ಲೇಡ್ ಸಾಲುಗಳಲ್ಲಿ ಮೊದಲನೆಯದರ) ಚಕ್ರ ದಾಟಿದ ಮೇಲಿನ ಒತ್ತಡ, ಹೊರಹೋಗುವ ಉಗಿಯ ಒತ್ತಡ, ಉತ್ಪಾದನೆಯಾದ ಕಿಲೋವ್ಯಾಟ್, ಬೇರಿಂಗ್‌ಗಳ ಬಿಸಿ ಮತ್ತು ಕಂಪನ, ಇಷ್ಟನ್ನೂ ಉಗಿಯ ಹರಿವನ್ನು ಹತೋಟಿಯಲ್ಲಿಡುವ ಗವರ್ನರ್ ಕವಾಟ ಒಂದೇ ಸ್ಥಾನದಲ್ಲಿ ಇರುವಾಗ ಬರೆದುಕೊಳ್ಳಿ. ಮೀಟರ್‌ಗಳು ಸರಿಯಾಗಿವೆಯೇ ಎಂಬುದನ್ನು ಮೊದಲು ಪರೀಕ್ಷಿಸಿರಬೇಕು. ತಪ್ಪು ಮೀಟರ್ ಹೇಳಿದ ಲೆಕ್ಕ ನಂಬಿ ಲಕ್ಷಾಂತರ ರೂಪಾಯಿ ಸುರಿಯುವುದುಂಟು.

ಇವುಗಳಲ್ಲಿ ಹೆಚ್ಚು ಮಾತನಾಡುವುದು ಮೊದಲ ಹಂತದ ಚಕ್ರ ದಾಟಿದ ಮೇಲಿನ ಒತ್ತಡ. ಉಗಿಯ ಪ್ರಮಾಣ ಹೋದ ವರ್ಷದಷ್ಟೇ ಇದ್ದು ಈ ಒತ್ತಡ ಏರಿದ್ದರೆ, ಮುಂದಿನ ಹಂತಗಳ ದಾರಿ ಕಿರಿದಾಗಿದೆ, ಅಂದರೆ ಪದರು ಕೂತಿದೆ. ಒತ್ತಡ ಇಳಿದಿದ್ದರೆ ದಾರಿ ಅಗಲವಾಗಿದೆ: ಸವೆತ, ಇಲ್ಲವೇ ಮುರಿದ ಬ್ಲೇಡ್. ಮೇಲ್ಕವಚ ಎತ್ತುವ ಮೊದಲೇ ಇಷ್ಟು ತಿಳಿದಿದ್ದರೆ ಬೇಕಾದ ಸೀಲ್ (ತಿರುಗುವ ದಂಡದ ಸುತ್ತ ಉಗಿ ಸೋರದಂತೆ ತಡೆಯುವ ಹಲ್ಲಿನ ಬಳೆ), ಬೇರಿಂಗ್‌ಗಳನ್ನು ತರಿಸಲು ಸಮಯ ಸಿಗುತ್ತದೆ.

ಬಿಚ್ಚಿದ ಮೇಲೆ

ಯಂತ್ರ ನಿಂತ ಮೇಲೆ ರೋಟರನ್ನು, ಅಂದರೆ ಬ್ಲೇಡ್ ಹೊತ್ತು ತಿರುಗುವ ದಂಡವನ್ನು, ತಣ್ಣಗಾಗುವವರೆಗೆ ನಿಧಾನವಾಗಿ ತಿರುಗಿಸುತ್ತಲೇ ಇರಬೇಕು. ಇಲ್ಲದಿದ್ದರೆ ಅದು ಬಾಗುತ್ತದೆ. ಕವಚ ಎತ್ತಿದ ಕ್ಷಣವೇ ಮೊಬೈಲ್‌ನಲ್ಲಿ ಪ್ರತಿ ಹಂತದ ಚಿತ್ರ ತೆಗೆಯಿರಿ. ಪದರನ್ನು ಕೆರೆದು ಹಂತವಾರು ಬೇರೆ ಬೇರೆ ಪ್ಯಾಕೆಟ್‌ನಲ್ಲಿ ಹಾಕಿ, ಹಂತದ ಸಂಖ್ಯೆ ಬರೆಯಿರಿ. ಒಂದು ಚಿಟಿಕೆಯನ್ನು ಬಿಸಿನೀರಿಗೆ ಹಾಕಿ ನೋಡಿ. ಕರಗಿದರೆ ಅದು ಬಹುತೇಕ ಸೋಡಿಯಂ ಲವಣ, ಬಾಯ್ಲರ್ ನೀರು ಉಗಿಯೊಂದಿಗೆ ಹಾರಿಬಂದದ್ದು. ಕರಗದೆ ಗಾಜಿನಂತೆ ಗಟ್ಟಿಯಾಗಿ ಉಳಿದರೆ ಸಿಲಿಕಾ ಎಂದು ಶಂಕಿಸಿ ಪ್ರಯೋಗಾಲಯಕ್ಕೆ ಕಳುಹಿಸಿ. ನಮ್ಮ ಸಕ್ಕರೆ ಕಾರ್ಖಾನೆಗಳಲ್ಲಿ ಇನ್ನೊಂದು ಕಾರಣವನ್ನೂ ಹುಡುಕಬೇಕು. ರಸ ಕುದಿಸುವ ಪಾತ್ರೆಯ ಕೊಳವೆ ಸೋರಿ ಬಾಯ್ಲರಿಗೆ ಮರಳುವ ನೀರಿನಲ್ಲಿ ಸಕ್ಕರೆ ಬೆರೆತರೆ, ಆ ನೀರು ಆಮ್ಲೀಯವಾಗಿ ನೊರೆಗಟ್ಟುತ್ತದೆ, ನೊರೆ ಉಗಿಯ ಜೊತೆ ಟರ್ಬೈನಿಗೆ ಬರುತ್ತದೆ. ಆಗ ದುರಸ್ತಿ ಮಾಡಬೇಕಾದದ್ದು ಆ ಕೊಳವೆಯನ್ನು.

ಇನ್ನು ಸಂದುಗಳ ಅಳತೆ. ನನ್ನ ಅನುಭವದಲ್ಲಿ ಹೆಚ್ಚಿನ ನಷ್ಟ ಅಡಗಿರುವುದು ಇಲ್ಲಿ. ಬಾಗಿದ ಬ್ಲೇಡ್ ಎಲ್ಲರ ಕಣ್ಣಿಗೂ ಬೀಳುತ್ತದೆ, ಸವೆದ ಸೀಲ್ ಯಾರ ಕಣ್ಣಿಗೂ ಬೀಳುವುದಿಲ್ಲ. ರೋಟರಿಗೂ ಸೀಲಿಗೂ ನಡುವಿನ ಸಂದನ್ನು ಎಡಬಲಗಳಲ್ಲಿ ತೆಳು ಉಕ್ಕಿನ ಪಟ್ಟಿಗಳ ಫೀಲರ್ ಗೇಜ್‌ನಿಂದ, ಕೆಳಗೆ ಸೀಸದ ತಂತಿ ಇಟ್ಟು ಅಳೆಯಿರಿ. 300 ಮಿಲಿಮೀಟರ್ ವ್ಯಾಸದ ಸೀಲಿನಲ್ಲಿ 0.25 ಮಿಲಿಮೀಟರ್ ಇರಬೇಕಾದ ಸಂದು 0.60 ಆಗಿದೆ ಎನ್ನೋಣ. ಹೆಚ್ಚಾದ ಸಂದು ಒಂದು ಕೂದಲೆಳೆಯ ಕೆಲವು ಪಟ್ಟು ಅಷ್ಟೇ. ಆದರೆ ಸುತ್ತಲೂ ಕೂಡಿಸಿದರೆ ಅದು ಸುಮಾರು 330 ಚದರ ಮಿಲಿಮೀಟರ್, ಹೆಚ್ಚುಕಡಿಮೆ ಒಂದು ರೂಪಾಯಿ ನಾಣ್ಯದಷ್ಟು ದೊಡ್ಡ ತೂತು. ಸಂದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇದ್ದರೆ ಹೊಸ ಸೀಲ್ ಹಾಕಿ ಪ್ರಯೋಜನವಿಲ್ಲ. ರೋಟರ್ ನೇರವಾಗಿ ಕೂತಿದೆಯೇ ಎಂಬುದನ್ನು ಮೊದಲು ನೋಡಬೇಕು.

ದೋಷಕ್ಕೆ ಬೆಲೆ ಕಟ್ಟುವುದು

ಸಂದಿನ ಅಳತೆ, ಸೀಲಿನ ಹಲ್ಲುಗಳ ಸಂಖ್ಯೆ ಮತ್ತು ಎರಡೂ ಬದಿಯ ಒತ್ತಡದಿಂದ ಸೋರುವ ಉಗಿಯ ಪ್ರಮಾಣ ಲೆಕ್ಕಕ್ಕೆ ಸಿಗುತ್ತದೆ. ಸೆಕೆಂಡಿಗೆ 0.4 ಕಿಲೋ ಉಗಿ ಒಂದು ಹಂತವನ್ನು ತಪ್ಪಿಸಿ ಹೋಗುತ್ತಿದೆ, ಆ ಹಂತ ಪ್ರತಿ ಕಿಲೋ ಉಗಿಯಿಂದ 100 ಕಿಲೋಜೌಲ್ ಕೆಲಸ ತೆಗೆಯುತ್ತದೆ ಎಂದುಕೊಳ್ಳಿ. ನಷ್ಟ 40 ಕಿಲೋವ್ಯಾಟ್. 150 ದಿನದ ಹಂಗಾಮಿಗೆ 3,600 ಗಂಟೆ, 1,44,000 ಯೂನಿಟ್. ಯೂನಿಟ್ಟಿಗೆ 5 ರೂಪಾಯಿ ಹಿಡಿದರೂ 7,20,000 ರೂಪಾಯಿ. ಅದೇ ಯಂತ್ರದಲ್ಲಿ ಅಂಚು ತುಸು ಬಾಗಿದ ಬ್ಲೇಡ್‌ಗಳಿಂದ 2 ಕಿಲೋವ್ಯಾಟ್ ನಷ್ಟವಾಗುತ್ತಿದ್ದರೆ ಅದರ ಬೆಲೆ 36,000 ರೂಪಾಯಿ. ಬ್ಲೇಡ್ ಸಾಲು ಬದಲಿಸುವ ಖರ್ಚು ಅದರ ಎಷ್ಟೋ ಪಟ್ಟು, ಹಾಗಾಗಿ ಅದು ಕಾಯಬಹುದು.

ಎಲ್ಲ ನಷ್ಟವೂ ಒಂದೇ ತೂಕದ್ದಲ್ಲ ಎಂಬುದು ನೆನಪಿರಲಿ. ಮೊದಲ ಹಂತಗಳಲ್ಲಿ ಪೋಲಾದ ಶಕ್ತಿಯ ಒಂದು ಪಾಲು ಶಾಖವಾಗಿ ಉಗಿಯಲ್ಲೇ ಉಳಿದು ಮುಂದಿನ ಹಂತಗಳಿಗೆ ಸಿಗುತ್ತದೆ, ಕೊನೆಯ ಹಂತದಲ್ಲಿ ಪೋಲಾದದ್ದು ಟರ್ಬೈನಿಗೆ ಮರಳುವುದಿಲ್ಲ. ರೋಟರ್ ಕವಚದಿಂದ ಹೊರಬರುವ ಕಡೆಯ ಸೀಲಿನಿಂದ, ಅಂದರೆ ಗ್ಲ್ಯಾಂಡಿನಿಂದ, ಗಾಳಿಗೆ ಸೋರುವ ಉಗಿಯಂತೂ ಪೂರ್ತಿ ನಷ್ಟ. ಬ್ಲೇಡಿನ ಒರಟುತನ ಉಗಿ ದಟ್ಟವಾಗಿರುವ ಮೊದಲ ಹಂತಗಳಲ್ಲಿ ಹೆಚ್ಚು ಕಾಡುತ್ತದೆ. ನಯಗೊಳಿಸುವ ದುಡಿಮೆ ಅಲ್ಲಿಗೆ ಸಾರ್ಥಕ.

ಉಳಿತಾಯವನ್ನು ಖರ್ಚಿನಿಂದ ಭಾಗಿಸಿ, ದೊಡ್ಡ ಅಂಕಿಯಿಂದ ಸಣ್ಣದಕ್ಕೆ ಪಟ್ಟಿ ಮಾಡಿ. ಹಣ ಎಲ್ಲಿಗೆ ಮುಗಿಯುತ್ತದೋ ಅಲ್ಲಿ ಗೆರೆ ಎಳೆಯಿರಿ.

ಆದರೆ ಕೆಲವು ದೋಷಗಳನ್ನು ಈ ಪಟ್ಟಿಗೆ ಸೇರಿಸಲೇಬಾರದು. ಬ್ಲೇಡಿನ ಬುಡದಲ್ಲಿ ಬಣ್ಣದ ದ್ರಾವಣ ತೋರಿಸಿದ ಬಿರುಕು, ಬೇರಿಂಗಿನ ಒಳಪದರದ ಬಿಳಿಲೋಹ ಕಿತ್ತಿರುವುದು, ತಡವರಿಸುವ ಗವರ್ನರ್ ಕವಾಟ, ವೇಗ ಮಿತಿಮೀರಿದಾಗ ಉಗಿ ಕಡಿದುಹಾಕುವ ಕವಾಟದ ದೋಷ, ಇವಕ್ಕೆ ಎಷ್ಟು ಉಳಿತಾಯ ಎಂದು ಕೇಳುವಂತಿಲ್ಲ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ರೋಟರಿನ ಪಕ್ಕದಲ್ಲಿ ಪಾಳಿಯ ಕೆಲಸಗಾರರು ನಿಂತಿರುತ್ತಾರೆ. ಇವುಗಳಿಗೆ ಹಣ ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಪಟ್ಟಿಗೆ ಹಂಚಿ.

ಮತ್ತೆ ಜೋಡಿಸುವಾಗ ಪ್ರತಿ ಸಂದಿನ ಹೊಸ ಅಳತೆಯನ್ನು ಹಳೆಯದರ ಪಕ್ಕದಲ್ಲೇ ಬರೆದಿಡಿ. ಹಂಗಾಮು ಆರಂಭವಾಗಿ ಗಾಣ ಸಮವಾಗಿ ಓಡತೊಡಗಿದ ಮೊದಲ ವಾರ, ಗವರ್ನರ್ ಕವಾಟವನ್ನು ಹಿಂದಿನ ಸ್ಥಾನದಲ್ಲೇ ಇಟ್ಟು ಅವೇ ಮೀಟರ್‌ಗಳನ್ನು ಮತ್ತೆ ಓದಿ. ಲೆಕ್ಕದಲ್ಲಿದ್ದ 40 ಕಿಲೋವ್ಯಾಟ್‌ನಲ್ಲಿ ಎಷ್ಟು ಮರಳಿ ಬಂದಿದೆ ಎಂಬುದು ಲಾಗ್‌ಬುಕ್ಕಿನಲ್ಲಿ ಕಾಣುತ್ತದೆ.