ಶಾಂಘೈ ಬಾವ್ ಅಂಗಡಿಯಲ್ಲಿ ಬೆಳಗಿನ ತಿಂಡಿ: ಕೇಳುವುದು ಹೇಗೆ, ತಿನ್ನುವುದು ಹೇಗೆ?

ಶಾಂಘೈಯಲ್ಲಿ ಬೆಳಿಗ್ಗೆ ಆರೂವರೆಗೆ ರೂಮಿನಿಂದ ಹೊರಬಿದ್ದು ಪಕ್ಕದ ಗಲ್ಲಿಗೆ ತಿರುಗಿ. ಒಂದರ ಮೇಲೊಂದು ಪೇರಿಸಿಟ್ಟ ಬುಟ್ಟಿಗಳು, ಬೀದಿಗೆ ಹರಿಯುವ ಹಬೆ, ಕೆಲಸಕ್ಕೆ ಹೊರಟವರ ಸಾಲು ಕಂಡರೆ ಅದೇ ಬಾವ್, ಅಂದರೆ ಹೂರಣ ತುಂಬಿದ ಹಿಟ್ಟಿನ ಉಂಡೆ, ಮಾರುವ ಅಂಗಡಿ. ವ್ಯಾಪಾರಕ್ಕೋ ಓದಿಗೋ ಚೀನಾಕ್ಕೆ ಹೋದ ನಮ್ಮವರು ಎಷ್ಟೋ ಜನ ಇದನ್ನು ದಾಟಿ ಹೋಗಿ, ರೂಮಿನಲ್ಲಿ ಅವಲಕ್ಕಿ ಪ್ಯಾಕೆಟ್‌ಗೆ ಬಿಸಿನೀರು ಹಾಕಿಕೊಳ್ಳುತ್ತಾರೆ. ಭಾಷೆ ಬರಲ್ಲ, ಒಳಗೆ ಏನು ತುಂಬಿದ್ದಾರೋ ಗೊತ್ತಿಲ್ಲ ಅನ್ನುವ ಅಳುಕು. ಆದರೆ ಹೊಸಬರಿಗೆ ಇಷ್ಟು ಸುಲಭದ ಜಾಗ ಇನ್ನೊಂದಿಲ್ಲ. ಎಲ್ಲವೂ ಕಣ್ಣೆದುರೇ ಬೇಯುತ್ತಿರುತ್ತದೆ. ನಾಲ್ಕು ಮಾತು ಕಲಿತರೆ ಸಾಕು.

ಊರು ಬಿಡುವ ಮುಂಚೆ

ಚಿಕ್ಕ ಅಂಗಡಿಯಲ್ಲೂ ಕ್ಯೂಆರ್ ಕೋಡ್‌ಗೆ ಫೋನ್ ಹಿಡಿದೇ ದುಡ್ಡು ಕೊಡುತ್ತಾರೆ. ಅಲಿಪೇ ಆ್ಯಪ್ ಹಾಕಿಕೊಂಡು ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿ. ಅದಕ್ಕೂ ಮೊದಲು ಬ್ಯಾಂಕಿನ ಆ್ಯಪ್‌ನಲ್ಲಿ ಆ ಕಾರ್ಡಿಗೆ ವಿದೇಶಿ ಬಳಕೆಯನ್ನು ಆನ್ ಮಾಡಿ. ನಮ್ಮ ಕಾರ್ಡುಗಳಲ್ಲಿ ಅದು ಸಾಮಾನ್ಯವಾಗಿ ಆಫ್ ಇರುತ್ತದೆ. ಒಟಿಪಿ ಬರುವ ಸಿಮ್ ಫೋನಿನಲ್ಲೇ ಇರಲಿ. ಚಿಲ್ಲರೆ ನೋಟು, ಒಂದಿಷ್ಟು ಟಿಶ್ಯೂ ಜೇಬಿನಲ್ಲಿರಲಿ.

ಏನು ಕೇಳಬೇಕು?

ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಉಬ್ಬು ಉಂಡೆ ಬಾವ್‌ಜ, ಚಿಕ್ಕದಾಗಿ ಬಾವ್. ಹೂರಣ ಇಲ್ಲದ್ದು ಮಾಂಥೌ. ಆದರೆ ಶಾಂಘೈ ಜನ ಹೂರಣ ಇರುವುದನ್ನೂ ಮಾಂಥೌ ಎನ್ನುತ್ತಾರೆ! ಹಾಗಾಗಿ ಸಸ್ಯಾಹಾರಿಗಳು ಹೆಸರನ್ನು ಮಾತ್ರ ನಂಬಿ ಕೈ ಚಾಚಬಾರದು.

ಈ ಊರಿನ ಹೆಮ್ಮೆ ಎರಡು. ಒಂದು ಶ್ಯಾವ್‌ಲುಂಗ್‌ಬಾವ್. ನಗರದ ಅಂಚಿನ ನಾನ್‌ಶ್ಯಾಂಗ್ ಇದರ ತವರು. ಮೋದಕದ ಹಾಗೆ ಮಡಿಕೆ ಹಾಕಿದ ತೆಳ್ಳಗಿನ ಕಣಕ, ಒಳಗೆ ಹಂದಿಮಾಂಸ, ಜೊತೆಗೆ ಬಿಸಿ ಸಾರು. ಸಾರು ಒಳಗೆ ಹೋಗುವುದು ಹೇಗೆ ಅಂತೀರಾ? ಹಂದಿಯ ಚರ್ಮವನ್ನು ಗಂಟೆಗಟ್ಟಲೆ ಕುದಿಸಿ ತಣ್ಣಗಾಗಿಸಿದರೆ ಗಟ್ಟಿ ಜೆಲ್ಲಿ ಆಗುತ್ತದೆ. ಅದನ್ನು ಕೊಚ್ಚಿ ಹೂರಣಕ್ಕೆ ಬೆರೆಸುತ್ತಾರೆ. ಹಬೆ ತಾಗಿದಾಗ ಕರಗಿ ಮತ್ತೆ ಸಾರಾಗುತ್ತದೆ. ಇನ್ನೊಂದು ಶೆಂಗ್‌ಜಿಯೆನ್. ಸಾರು ತುಂಬಿದ ಬಾವ್ ಅನ್ನು ಅಗಲ ಬಾಣಲೆಯಲ್ಲಿಟ್ಟು ಎಣ್ಣೆ, ನೀರು ಹಾಕಿ ಮುಚ್ಚಿ ಬೇಯಿಸುತ್ತಾರೆ. ತಳ ಗರಿಗರಿ, ಮೇಲೆ ಎಳ್ಳು, ಈರುಳ್ಳಿ ಸೊಪ್ಪು.

ಕೇಳುವ ಲೆಕ್ಕ

ದರ್ಶಿನಿಯಲ್ಲಿ ಹೇಗೋ ಇಲ್ಲೂ ಹಾಗೆ. ಮೊದಲು ದುಡ್ಡು, ಆಮೇಲೆ ಕಿಟಕಿಯಲ್ಲಿ ತಟ್ಟೆ. ಶ್ಯಾವ್‌ಲುಂಗ್‌ಬಾವ್ ಬುಟ್ಟಿ ಲೆಕ್ಕ. ಶೆಂಗ್‌ಜಿಯೆನ್ ಮಾತ್ರ ಹಳೆಯ ರೂಢಿಯಂತೆ ಲ್ಯಾಂಗ್ ಎಂಬ ತೂಕದ ಲೆಕ್ಕ. ಒಂದು ಲ್ಯಾಂಗ್ ಅಂದರೆ 50 ಗ್ರಾಂ ಹಿಟ್ಟು, ಬರುವುದು ನಾಲ್ಕು ಬಾವ್. ದಿನಸಿಗೆ ಪಡಿತರ ಚೀಟಿ ಬೇಕಿದ್ದ ಕಾಲದ ಲೆಕ್ಕ ಇದು. ಚೀಟಿ 1993ರಲ್ಲಿ ಹೋಯಿತು, ಮಾತು ಉಳಿಯಿತು. ಇಬ್ಬರಿಗೆ ಎಂದು ಎರಡು ಲ್ಯಾಂಗ್ ಹೇಳಿದರೆ ಎಂಟು ಬರುತ್ತವೆ, ಹೊಟ್ಟೆ ತುಂಬುತ್ತದೆ.

ಬೆರಳಲ್ಲೂ ಕೇಳಬಹುದು. ಎರಡಕ್ಕೆ ತೋರುಬೆರಳು, ನಡುಬೆರಳು ಎತ್ತಿ. ಹೆಬ್ಬೆರಳು, ತೋರುಬೆರಳು ಚಾಚಿದರೆ ಅಲ್ಲಿ ಅದು ಎಂಟು. ಹೆಬ್ಬೆರಳು, ಕಿರುಬೆರಳು ಚಾಚಿದರೆ ಆರು.

ಸಸ್ಯಾಹಾರಿಗಳಿಗೆ

ಇದನ್ನು ನಿಧಾನವಾಗಿ ಓದಿ. 'ರೌ' ಅಂದರೆ ಮಾಂಸ. ಬರೀ ರೌ ಅಂದರೆ ಹಂದಿ ಅಂತಲೇ ಅರ್ಥ. ಫಲಕದಲ್ಲಿ ಆ ಅಕ್ಷರ ಗುರುತಿಸುವುದು ಸುಲಭ: ತಳ ಇಲ್ಲದ ಚೌಕಟ್ಟು, ಅದರಲ್ಲಿ ಕಾಲು ಅಗಲಿಸಿದ ಇಬ್ಬರು ಒಬ್ಬರ ಮೇಲೊಬ್ಬರು ನಿಂತಂತೆ. ಅದು ಕಂಡರೆ ಬಿಡಿ. ಕೇಳಬೇಕಾದ್ದು 'ಸೂ ತ್ಸೈ ಬಾವ್'. ಸೊಪ್ಪು, ಅಣಬೆ, ಗಟ್ಟಿ ತೋಫು ಹೆಚ್ಚಿ ಎಳ್ಳೆಣ್ಣೆ ಹಾಕಿದ ಹೂರಣ. ನನಗಂತೂ ಮಾಂಸದ ಬಾವ್‌ಗಿಂತ ಇದೇ ಜಾಸ್ತಿ ಇಷ್ಟ. ಕೆಂಪು ಕಾಳಿನ ಸಿಹಿ ಹೂರಣ ಬೇಕಿದ್ದರೆ 'ದೌಶಾ ಬಾವ್'. ಹೋಳಿಗೆ ತಿಂದು ಬೆಳೆದ ನಾಲಿಗೆಗೆ ಅದು ಹೊಸದೇ ಅಲ್ಲ.

ಒಂದು ಎಚ್ಚರ. ಕೆಲವು ಕಡೆ ಈ ಎರಡಕ್ಕೂ ಹಂದಿ ಕೊಬ್ಬು ಸೇರಿಸುತ್ತಾರೆ. 'ನಾನು ಸಸ್ಯಾಹಾರಿ, ಹಂದಿ ಕೊಬ್ಬೂ ಬೇಡ' ಎಂದು ಚೀನೀ ಭಾಷೆಯಲ್ಲಿ ಬರೆಸಿದ ಚೀಟಿ ಫೋನಿನಲ್ಲಿರಲಿ. ಪೂರ್ತಿ ನಿಶ್ಚಿಂತೆ ಬೇಕಿದ್ದರೆ ನಾನ್‌ಜಿಂಗ್ ಪಶ್ಚಿಮ ರಸ್ತೆಯ ಗುಂಗ್‌ದಲಿನ್‌ಗೆ ಹೋಗಿ. 1922ರಲ್ಲಿ ಶುರುವಾದ ಬೌದ್ಧ ಸಸ್ಯಾಹಾರಿ ಹೋಟೆಲು ಅದು. ಹಂದಿ ಮಾತ್ರ ಬೇಡ ಅನ್ನುವವರು 'ಚಿಂಗ್‌ಝೆನ್' ಫಲಕ ಹುಡುಕಿ, ಅದು ಹಲಾಲ್ ಅಂಗಡಿ.

ಕುಡಿಯಲು 'ದೌಜ್ಯಾಂಗ್', ಅಂದರೆ ಬಿಸಿ ಸೋಯಾ ಹಾಲು. ಸಿಹಿಯದ್ದನ್ನೇ ಕೇಳಿ. ಖಾರ-ಉಪ್ಪಿನದ್ದರಲ್ಲಿ ಒಣ ಸೀಗಡಿ ಇರುತ್ತದೆ. ಜೊತೆಗೆ 'ಯೌಥ್ಯಾವ್', ಎಣ್ಣೆಯಲ್ಲಿ ಕರಿದ ಉದ್ದನೆ ಹಿಟ್ಟಿನ ಕೋಲು. ಹಾಲಿನಲ್ಲಿ ಅದ್ದಿ ತಿನ್ನಬೇಕು.

ಬಾಯಿ ಸುಟ್ಟುಕೊಳ್ಳದೆ ತಿನ್ನಲು

ಸಾರು ತುಂಬಿದ ಬಾವ್‌ಗೆ ಚೀನೀಯರಲ್ಲಿ ಒಂದು ಮಾತಿದೆ: ಮೆಲ್ಲಗೆ ಎತ್ತು, ನಿಧಾನ ತಾ, ಮೊದಲು ಕಿಟಕಿ ತೆರೆ, ಆಮೇಲೆ ಸಾರು ಕುಡಿ. ಮಡಿಕೆ ಸೇರುವ ನೆತ್ತಿಯನ್ನು ಊಟದ ಕಡ್ಡಿಯಲ್ಲಿ (ಚಾಪ್‌ಸ್ಟಿಕ್) ಹಿಡಿದು ಎತ್ತಿ, ಚಮಚದ ಮೇಲೆ ಇಡಿ. ಪಕ್ಕಕ್ಕೆ ಚಿಕ್ಕದಾಗಿ ಕಚ್ಚಿ. ಹಬೆ ಹೋಗಲಿ, ಸಾರು ಹೀರಿ. ಉಳಿದದ್ದನ್ನು ಝೆನ್‌ಜ್ಯಾಂಗ್ ಎಂಬ ಊರಿನ ಕಪ್ಪು ವಿನಿಗರ್‌ಗೆ ಅದ್ದಿ, ಶುಂಠಿ ಎಳೆ ಇಟ್ಟು ತಿನ್ನಿ. ಮೊದಲ ದಿನ ನನ್ನೆದುರು ಕೂತಿದ್ದ ಅಜ್ಜಿಯೊಬ್ಬರು ಒಂದು ಮಾತೂ ಆಡದೆ, ತಮ್ಮ ಚಮಚ ಎತ್ತಿ ತೋರಿಸಿಯೇ ಇಷ್ಟನ್ನೂ ಕಲಿಸಿದರು. ಶೆಂಗ್‌ಜಿಯೆನ್ ಇನ್ನೂ ಬಿಸಿ. ಜೋರಾಗಿ ಕಚ್ಚಿದರೆ ಸಾರು ಎದುರಿನವರ ಅಂಗಿಗೆ ಚಿಮ್ಮುತ್ತದೆ.

ಅಪರಿಚಿತರ ಜೊತೆ ಮೇಜು ಹಂಚಿಕೊಳ್ಳುವುದು ಮಾಮೂಲು. ಟಿಪ್ಸ್ ಕೊಡುವ ರೂಢಿ ಇಲ್ಲ. ತಿಂದಾದ ಮೇಲೆ ಜಾಗ ಬಿಟ್ಟುಕೊಡಿ, ಹಿಂದೆ ಜನ ಕಾಯುತ್ತಿರುತ್ತಾರೆ.

ರೈಲಿಗೆ ಕಟ್ಟಿಸಿಕೊಳ್ಳುವುದಾದರೆ ಸಾರು ಇಲ್ಲದ ಸೊಪ್ಪಿನ ಬಾವ್ ಒಳ್ಳೆಯದು. ಕವರ್‌ನ ಬಾಯಿ ಮಾತ್ರ ಕಟ್ಟಬೇಡಿ. ಹಬೆ ಒಳಗೇ ನೀರಾಗಿ ಬಾವ್ ಅಂಟಂಟಾಗುತ್ತದೆ.