ಮದುವೆಯಾಗದೆ ಜೊತೆಗಿದ್ದೀರಾ? ಮನೆ ಕಾಗದದಲ್ಲಿ ನಿಮ್ಮ ಹೆಸರೂ ಇರಲಿ

ಹನುಮಂತನಗರದ ಬಾಡಿಗೆ ಮನೆಗೆ ಒಂದೂವರೆ ಲಕ್ಷ ಅಡ್ವಾನ್ಸ್ ಕೊಟ್ಟವಳು ನಾನು. ಕರಾರು ಮಾತ್ರ ಆಗ ಜೊತೆಗಿದ್ದ ಹುಡುಗನ ಹೆಸರಲ್ಲಿತ್ತು. ಎರಡು ವರ್ಷಕ್ಕೆ ಬೇರೆಯಾದೆವು. ಓನರ್ ಅಡ್ವಾನ್ಸನ್ನು ಅವನಿಗೇ ವಾಪಸ್ ಕೊಟ್ಟರು. ಕರಾರಿನಲ್ಲಿ ಯಾರ ಹೆಸರಿದೆಯೋ ಅವರಿಗೆ ತಾನೇ ಕೊಡೋದು? ನಾನು ಕ್ಯಾಶ್ ಕೊಟ್ಟಿದ್ದೆ, ರಸೀದಿಯೂ ಇರಲಿಲ್ಲ. ಆ ದುಡ್ಡು ನನಗೆ ಬರಲೇ ಇಲ್ಲ.

ಈಗ ಬೇರೊಬ್ಬರ ಜೊತೆ ಏಳು ವರ್ಷದಿಂದ ಇದ್ದೇನೆ. ಯಲಹಂಕದಲ್ಲಿ ಫ್ಲಾಟ್ ತಗೊಂಡಿದ್ದೇವೆ. ಈ ಸಲ ಕಾಗದಪತ್ರ ಹೇಗೆ ಮಾಡಿಸಿದೆವು ಅಂತ ಹೇಳುತ್ತೇನೆ.

ಬಾಡಿಗೆ ಮನೆಯಾದರೆ ಸುಲಭ. 11 ತಿಂಗಳ ಕರಾರಿನಲ್ಲಿ ಇಬ್ಬರ ಹೆಸರೂ ಹಾಕಿಸಿ. ಅಡ್ವಾನ್ಸಿನಲ್ಲಿ ಯಾರದು ಎಷ್ಟು ಅಂತ ಒಂದು ಸಾಲು ಬರೆಸಿ. ದುಡ್ಡು ನಿಮ್ಮ ಖಾತೆಯಿಂದಲೇ ಹೋಗಲಿ.

ಮನೆ ಕೊಳ್ಳುವಾಗ ಜನ ಜಾಸ್ತಿ ಎಡವುತ್ತಾರೆ. ‘ಹೆಸರು ನಿಂದೇ ಇರಲಿ, ಇಎಂಐ ನಾನು ಕಟ್ತೀನಿ’ ಅಂತ ದಯವಿಟ್ಟು ಹೇಳಬೇಡಿ. ದುಡ್ಡು ಒಬ್ಬರದು, ಹೆಸರು ಇನ್ನೊಬ್ಬರದು ಆದರೆ ಅದು ಬೇನಾಮಿ ಆಗಬಹುದು. ಲೆಕ್ಕ ತೋರಿಸಬಹುದಾದ ತನ್ನ ದುಡಿಮೆಯ ದುಡ್ಡಲ್ಲಿ ಗಂಡ ಹೆಂಡತಿಯ ಹೆಸರಿಗೆ ಆಸ್ತಿ ಕೊಂಡರೆ ಬೇನಾಮಿ ಕಾನೂನಿನಲ್ಲಿ ವಿನಾಯಿತಿ ಇದೆ. ಆ ವಿನಾಯಿತಿ ಇರುವುದು ಮದುವೆಯಾದವರಿಗೆ. ಬೇನಾಮಿ ಅಂತಾದರೆ ಆಸ್ತಿ ಜಪ್ತಿಯಾಗಬಹುದು. ‘ದುಡ್ಡು ನನ್ನದು, ಮನೆ ಕೊಡಿಸಿ’ ಅಂತ ಕೋರ್ಟಿಗೂ ಹೋಗುವ ಹಾಗಿಲ್ಲ.

ನಮ್ಮ ಕ್ರಯಪತ್ರದಲ್ಲಿ ಇಬ್ಬರೂ ಖರೀದಿದಾರರು. ನನ್ನದು 60 ಪಾಲು, ಅವರದು 40 ಅಂತ ಬರೆಸಿದ್ದೇವೆ. ಯಾರು ಎಷ್ಟು ಹಾಕಿದರು ಅನ್ನೋದಕ್ಕೆ ಪುರಾವೆ ಇಲ್ಲದಿದ್ದರೆ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಇಬ್ಬರದೂ ಸಮಪಾಲು ಅಂತಲೇ ಹಿಡಿಯುತ್ತದೆ. ಅದಕ್ಕೇ ಪ್ರತಿ ಕಂತನ್ನೂ ಅವರವರ ಪಾಲಿಗೆ ತಕ್ಕ ಹಾಗೆ ಅವರವರ ಖಾತೆಯಿಂದ ಕಟ್ಟಿದೆವು. ಪಾಲಿಕೆಯ ಆಸ್ತಿ ದಾಖಲೆಯಾದ ಖಾತಾ ಕೂಡ ಇಬ್ಬರ ಹೆಸರಲ್ಲಿದೆ. ಸುಮ್ನೆ ಸ್ಟಾಂಪ್ ಪೇಪರ್ ಮೇಲೆ ಬರೆದು ನೋಟರಿ ಮಾಡಿಸಿದರೆ ಮನೆ ಕೈ ಬದಲಾಗುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು.

ಹೆಣ್ಣುಮಕ್ಕಳು ಇದೊಂದು ತಿಳಿದಿರಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆ ಮದುವೆಯಂಥ ಸಂಬಂಧದಲ್ಲಿರುವವರಿಗೂ ಅನ್ವಯಿಸುತ್ತದೆ. ಹಿಂಸೆ ಕೊಟ್ಟು ಹೊರಗೆ ತಳ್ಳಿದರೆ ಮ್ಯಾಜಿಸ್ಟ್ರೇಟರ ಮುಂದೆ ಹೋಗಿ ಇದ್ದ ಮನೆಯಲ್ಲೇ ಇರಲು ಆದೇಶ ಕೇಳಬಹುದು. ಆದರೆ ಅದು ವಾಸದ ಹಕ್ಕು ಅಷ್ಟೇ. ಮನೆ ನಿಮ್ಮದಾಗುವುದಿಲ್ಲ.

ಇನ್ನು ವಿಲ್. ಇದನ್ನು ಮುಂದೂಡಬೇಡಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ, ಮದುವೆ ಮಕ್ಕಳು ಇಲ್ಲದ ನಾನು ವಿಲ್ ಬರೆಯದೆ ಸತ್ತರೆ ನನ್ನ ಪಾಲು ಅಪ್ಪ ಅಮ್ಮನಿಗೆ ಹೋಗುತ್ತದೆ. ಏಳು ವರ್ಷ ಜೊತೆಗಿದ್ದವರಿಗೆ ಏನೂ ಇಲ್ಲ. ನಾಮಿನಿ ಮಾಡಿದ್ದೇನಲ್ಲ ಅಂದುಕೊಳ್ಳಬೇಡಿ. ನಾಮಿನಿ ಅಂದರೆ ವಾರಸುದಾರ ಅಲ್ಲ. ಷೇರುಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿತು. ವಿಲ್‌ಗೆ ಬಿಳಿ ಹಾಳೆ ಸಾಕು, ಸ್ಟಾಂಪ್ ಬೇಡ. ಇಬ್ಬರು ಸಾಕ್ಷಿ ಬೇಕು, ಆಸ್ತಿ ಪಡೆಯುವವರು ಸಾಕ್ಷಿ ಹಾಕದಿರುವುದು ಒಳ್ಳೆಯದು. ನೋಂದಣಿ ಕಡ್ಡಾಯವಲ್ಲ, ಆದರೂ ನಾವು ಮಾಡಿಸಿದೆವು.

ವಿಲ್‌ನ ಒಂದು ಪ್ರತಿಯನ್ನು ಅಮ್ಮನಿಗೆ ಕೊಟ್ಟೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಏನೂ ಅನ್ನಲಿಲ್ಲ. ಬೀರುವಿನಲ್ಲಿ ತನ್ನ ರೇಷ್ಮೆ ಸೀರೆಗಳ ಕೆಳಗೆ ಇಟ್ಟುಕೊಂಡಳು.