399ರ ಮನೆಗೂ ಅದೇ ಸರದಿ

ಮೂರನೇ ಮಳೆಗಾಲವೂ ದಾಟಿತು. ಇನ್ನು ಬರೆಯಬಹುದು ಎನಿಸಿತು. ಸಾಗರದ ಸುತ್ತಮುತ್ತ ನನ್ನದು ಸುಮಾರು 620 ಸಂಪರ್ಕಗಳ ಫೈಬರ್ ಇಂಟರ್ನೆಟ್ ಜಾಲ. ಕೇಬಲ್ ಟಿವಿಯಿಂದ ಬಂದವನು ನಾನು, 2019ರಲ್ಲಿ ಇದಕ್ಕೆ ಇಳಿದೆ. ತಿಂಗಳಿಗೆ 399 ರೂಪಾಯಿ ಕೊಡುವವರಿಗೂ 999 ಕೊಡುವವರಿಗೂ ರಿಪೇರಿಯಲ್ಲಿ ಒಂದೇ ಸರದಿ ಎಂದು ನಾನು ತೀರ್ಮಾನಿಸಿದಾಗ ಇದೇ ಕಸುಬಿನ ಗೆಳೆಯರು ತಲೆ ಅಲ್ಲಾಡಿಸಿದರು. ಇಪ್ಪತ್ತು ವರ್ಷ ಕೇಬಲ್ ಎಳೆದ ನನ್ನ ಚಿಕ್ಕಪ್ಪನಂತೂ, "ವರ್ಷ ತುಂಬುವುದರೊಳಗೆ ಬಾಗಿಲು ಹಾಕುತ್ತೀಯ, ಬರೆದಿಟ್ಟುಕೋ" ಎಂದರು. ಬಾಗಿಲು ತೆರೆದೇ ಇದೆ. ಈಗ ಚಿಕ್ಕಪ್ಪನ ಪಕ್ಕದ ಊರಿನ ಜಾಲವನ್ನೂ ನಾನೇ ನೋಡಿಕೊಳ್ಳುತ್ತಿದ್ದೇನೆ.

ಮೊದಲು ನಾನೂ ಎಲ್ಲರಂತೆಯೇ ನಡೆದವನು. 2021ರಲ್ಲಿ ಎರಡು ಸರದಿ ಮಾಡಿದ್ದೆ. 999ರವರಿಗೆ ಬೇರೆ ಫೋನ್ ನಂಬರ್, ನಾಲ್ಕು ಗಂಟೆಯೊಳಗೆ ಹುಡುಗ ಮನೆಯ ಮುಂದೆ. 399ರವರಿಗೆ ಎರಡು ದಿನ. ಹೆಚ್ಚು ಕೊಟ್ಟವರು ಮೊದಲು ಎಂಬುದು ನ್ಯಾಯವೆಂದೇ ಆಗ ಕಾಣಿಸಿತ್ತು. ಒಂದು ವರ್ಷ ಹೇಗೋ ನಡೆಯಿತು. 2022ರ ಜುಲೈ ನನ್ನ ಕಣ್ಣು ತೆರೆಸಿತು.

ಊರ ಹೊರಗಿನ ಒಂದು ತೋಟದ ಮನೆ. ಅಲ್ಲಿ ಒಬ್ಬ ಅಜ್ಜಿ, ಕಾಲೇಜು ಓದುವ ಮೊಮ್ಮಗಳು. 399ರ ಪ್ಲಾನ್. ಸೋಮವಾರ ಬೆಳಿಗ್ಗೆ ಇಂಟರ್ನೆಟ್ ಪೆಟ್ಟಿಗೆಯಲ್ಲಿ ಕೆಂಪು ದೀಪ ಬಂದಿದೆ ಎಂದು ಫೋನ್ ಮಾಡಿದರು. ಬುಧವಾರಕ್ಕೆ ಬರೆದುಕೊಂಡೆವು. ಮಂಗಳವಾರ ಅಜ್ಜಿ ಮತ್ತೆ ಫೋನ್ ಮಾಡಿ, "ತಮ್ಮಾ, ಹುಡುಗಿಗೆ ಪರೀಕ್ಷೆ ಅರ್ಜಿ ತುಂಬಬೇಕು, ನಾಳೆಯೇ ಕೊನೆಯ ದಿನ" ಎಂದರು. ನಮ್ಮ ಹುಡುಗ ಸರದಿ ಬಂದಾಗ ಬರುತ್ತೇವೆ ಎಂದು ಹೇಳಿ ಇಟ್ಟ. ಮಂಗಳವಾರ ರಾತ್ರಿ ಅಜ್ಜಿಯ ಮನೆಗೆ ಲೈನು ಹೋಗುವ ಬಾಕ್ಸಿನ ಎಂಟೂ ಮನೆಗಳ ಇಂಟರ್ನೆಟ್ ನಿಂತಿತು. ಅದರಲ್ಲಿ ಎರಡು 999ರವು, ಒಂದು ಕ್ಲಿನಿಕ್. ಹೋಗಿ ನೋಡಿದರೆ ಮರಕ್ಕೆ ಕಟ್ಟಿದ್ದ, ಒಂದು ಫೈಬರಿನ ಬೆಳಕನ್ನು ಹಲವು ಮನೆಗಳಿಗೆ ಹಂಚುವ ಸ್ಪ್ಲಿಟರ್ ಬಾಕ್ಸಿನೊಳಗೆ ನೀರು. ಒಳಬರುವ ಜೋಡಣೆಯೇ ಹಾಳಾಗಿತ್ತು. ಸೋಮವಾರವೇ ಹೋಗಿದ್ದರೆ ಅರ್ಧ ಗಂಟೆಯ ಕೆಲಸ. ಅಜ್ಜಿಯ ಮೊಮ್ಮಗಳು ಸಾಗರಕ್ಕೆ ಬಸ್ಸಿನಲ್ಲಿ ಬಂದು ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಿದಳು ಎಂದು ಆಮೇಲೆ ತಿಳಿಯಿತು. ಅದು ನನಗೆ ಇಂದಿಗೂ ಚುಚ್ಚುತ್ತದೆ.

ಆ ರಾತ್ರಿ ಕುಳಿತು ಯೋಚಿಸಿದಾಗ ಒಂದು ವಿಷಯ ಹೊಳೆಯಿತು. ಒಂದೇ ಸ್ಪ್ಲಿಟರಿನಲ್ಲಿ 399 ಮತ್ತು 999 ಅಕ್ಕಪಕ್ಕ ತೂಗುತ್ತಿರುತ್ತವೆ. ಬೆಳಕಿಗೆ ಪ್ಲಾನ್ ಗೊತ್ತಿಲ್ಲ. ನಮ್ಮ ಕಡೆ ಕಡಿಮೆ ಪ್ಲಾನಿನ ಮನೆಗಳು ಹೆಚ್ಚಾಗಿ ಲೈನಿನ ತುದಿಯಲ್ಲಿವೆ. ಬಾಕ್ಸಿನಿಂದ ಮನೆಗೆ ಎಳೆದ ಉದ್ದದ ಡ್ರಾಪ್ ಕೇಬಲ್, ದಾರಿಯಲ್ಲಿ ನಾಲ್ಕು ತಿರುವು, ಆಗಲೇ ಮೈನಸ್ 24, 25ರಲ್ಲಿ ಏದುಸಿರು ಬಿಡುತ್ತಿರುವ ಓಎನ್‌ಯು, ಅಂದರೆ ಮನೆಯಲ್ಲಿ ಬೆಳಕು ಹಿಡಿಯುವ ಪೆಟ್ಟಿಗೆ. ಈ ಅಂಕಿ ಬೆಳಕಿನ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಬೆಳಕು ಕಡಿಮೆ. ಬಾಕ್ಸ್ ಕೆಡತೊಡಗಿದರೆ ಮೊದಲು ಸಾಯುವುದು ಆ ಮನೆ. ಪೇಟೆಯ 999ರ ಮನೆ ಮೈನಸ್ 19ರಲ್ಲಿ ಆರಾಮವಾಗಿರುತ್ತದೆ, ಅದಕ್ಕೆ ಎರಡು ದಿನ ತಡವಾಗಿ ಬಿಸಿ ತಟ್ಟುತ್ತದೆ. ಅಂದರೆ 399ರ ದೂರು ನನಗೆ ಪುಕ್ಕಟೆ ಸಿಗುವ ಮುನ್ಸೂಚನೆ. ಅದನ್ನೇ ನಾನು ಎರಡು ದಿನ ಪಕ್ಕಕ್ಕಿಡುತ್ತಿದ್ದೆ!

ದುಡ್ಡಿನ ಲೆಕ್ಕವನ್ನೂ ಆಗಲೇ ಮೊದಲ ಬಾರಿ ಸರಿಯಾಗಿ ಹಾಕಿದ್ದು. ಅಂದಾಜು 410 ಮನೆ 399ರಲ್ಲಿ, 150 ಮನೆ 599ರಲ್ಲಿ, 60 ಮನೆ 999ರಲ್ಲಿ. ಜಿಎಸ್‌ಟಿ ಬಿಟ್ಟು ತಿಂಗಳಿಗೆ ಮೂರು ಲಕ್ಷದ ಹತ್ತು ಸಾವಿರದ ಆಸುಪಾಸು. ಅದರಲ್ಲಿ ಒಂದು ಲಕ್ಷದ ಅರವತ್ತು ಸಾವಿರಕ್ಕೂ ಮೇಲೆ ಬರುತ್ತಿದ್ದುದು 399ರ ಮನೆಗಳಿಂದ. ನಾನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದ 999ರವರಿಂದ ಅರವತ್ತು ಸಾವಿರ. ಆ ಮಳೆಗಾಲದಲ್ಲಿ ಬಿಟ್ಟು ಹೋದವರು ಸುಮಾರು 70 ಮಂದಿ, ಬಹುಪಾಲು 399ರವರು. ಹೊಸ ಸಂಪರ್ಕ ಕೊಡಲು ಓಎನ್‌ಯು, ಡ್ರಾಪ್ ಕೇಬಲ್, ಕೂಲಿ ಸೇರಿ ನನಗೆ 2,200 ಬೀಳುತ್ತದೆ. ಒಂದೂವರೆ ಲಕ್ಷ ಮಳೆನೀರಿನಲ್ಲಿ ಕೊಚ್ಚಿಹೋಯಿತು.

ಅದೇ ವರ್ಷದ ಕೊನೆಗೆ ನಮ್ಮ ದೊಡ್ಡಮ್ಮನಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ. ಅಣ್ಣ ಕೊಯಮತ್ತೂರಿನಲ್ಲಿ ಇರುವುದರಿಂದ ಅಲ್ಲಿಯ ಅರವಿಂದ ಕಣ್ಣಿನ ಆಸ್ಪತ್ರೆಗೆ ಹೋದೆವು. 1976ರಲ್ಲಿ ಮದುರೆಯಲ್ಲಿ ಡಾ. ಜಿ. ವೆಂಕಟಸ್ವಾಮಿಯವರು 11 ಹಾಸಿಗೆಗಳಿಂದ ಆರಂಭಿಸಿದ ಸಂಸ್ಥೆ ಅದು. ಅಲ್ಲಿ ದುಡ್ಡು ಕೊಟ್ಟವರಿಗೆ ಮಂಚ, ಬೇಕಾದರೆ ಪ್ರತ್ಯೇಕ ಕೋಣೆ. ಕೊಡಲಾಗದವರಿಗೆ ದೊಡ್ಡ ಹಜಾರ, ಚಾಪೆ. ಆದರೆ ವೈದ್ಯರು ಎರಡೂ ಕಡೆ ಸರದಿಯ ಮೇಲೆ ಕೆಲಸ ಮಾಡುತ್ತಾರೆ. ಕಣ್ಣು ಕೊಯ್ಯುವ ಕೈ ಒಂದೇ. ವರಾಂಡದಲ್ಲಿ ಕುಳಿತು ಅದನ್ನು ನೋಡುತ್ತ ನನ್ನ ಅಂಗಡಿಯ ಉತ್ತರ ಸಿಕ್ಕಿತು. ವೇಗ ನನ್ನ ಮಂಚ. ಎರಡನೇ ರೂಟರ್, ಮಹಡಿಗೆ ವೈಫೈ ಹೊಂದಿಸಿಕೊಡುವುದು ನನ್ನ ಕೋಣೆ. ಅದಕ್ಕೆ ದುಡ್ಡು ಕೇಳುತ್ತೇನೆ, ಕೇಳುವುದರಲ್ಲಿ ಸಂಕೋಚವಿಲ್ಲ. ಕೆಟ್ಟ ಲೈನು ಸರಿಮಾಡುವುದು ಮಾತ್ರ ಎಲ್ಲರಿಗೂ ಒಂದೇ.

ಊರಿಗೆ ಬಂದವನೇ 999ರವರ ಬೇರೆ ಫೋನ್ ನಂಬರನ್ನು ಮುಚ್ಚಿಸಿದೆ, ಎಲ್ಲರಿಗೂ ಒಂದೇ ಸರದಿ ಮಾಡಿದೆ. ಇಲ್ಲಿಂದ ಮುಂದಿನ ನಾಲ್ಕೈದು ತಿಂಗಳು ನರಕ. ದಿನಕ್ಕೆ 14, 15 ದೂರು, ಹುಡುಗರು ಇಬ್ಬರೇ. ಎಲ್ಲರಿಗೂ ಬೇಗ ಎಂದರೆ ಯಾರಿಗೂ ಬೇಗ ಆಗಲಿಲ್ಲ. ಪೆಟ್ರೋಲ್ ಖರ್ಚು ತಿಂಗಳಿಗೆ ಒಂಬತ್ತು ಸಾವಿರವಿದ್ದದ್ದು ಹದಿನಾಲ್ಕಕ್ಕೆ ಏರಿತು. ಮಾರಿಕಾಂಬಾ ಜಾತ್ರೆಯ ಸಮಯದಲ್ಲಿ ಒಬ್ಬ ಹುಡುಗ ಕೆಲಸ ಬಿಟ್ಟ. ಅಂಗಡಿಯ ಶಟರ್ ಎಳೆದು ನಾನೇ ಏಣಿ ಹೊತ್ತೆ. ಚಿಕ್ಕಪ್ಪ ಮನೆಗೆ ಬಂದು, "ದೊಡ್ಡ ದೊಡ್ಡ ಕಂಪನಿಗಳೇ ಹೆಚ್ಚು ಕೊಟ್ಟವರಿಗೆ ಮೊದಲ ಮಣೆ ಹಾಕುತ್ತವೆ, ನೀನು ಯಾವ ಧರ್ಮಛತ್ರ ನಡೆಸುತ್ತಿದ್ದೀಯ?" ಎಂದರು. 2020ರ ಜುಲೈನಲ್ಲಿ ಎರಡು ದೊಡ್ಡ ಮೊಬೈಲ್ ಕಂಪನಿಗಳ ಇಂಥದೇ ಆದ್ಯತೆಯ ಪ್ಲಾನುಗಳನ್ನು ದೂರಸಂಪರ್ಕ ನಿಯಂತ್ರಣ ಸಂಸ್ಥೆಯಾದ ಟ್ರಾಯ್ ತಡೆಹಿಡಿಯಲು ಹೇಳಿದ್ದನ್ನು ನೆನಪಿಸಿದೆ. ಒಬ್ಬರನ್ನು ಮುಂದೆ ಬಿಟ್ಟರೆ ಉಳಿದವರ ಸೇವೆ ಕೆಡುತ್ತದೆಯೇ ಎಂಬುದೇ ಅಲ್ಲಿಯೂ ಎದ್ದ ಪ್ರಶ್ನೆ. ಚಿಕ್ಕಪ್ಪ ಒಪ್ಪಲಿಲ್ಲ. ಸೊಸೈಟಿಯ ಸಾಲದ ಕಂತು ನೋಡಿಕೊಂಡರೆ ನನಗೂ ಧೈರ್ಯ ಕುಂದುತ್ತಿತ್ತು.

ದಾರಿ ಸಿಕ್ಕಿದ್ದು ಹುಡುಗರನ್ನು ಹೆಚ್ಚಿಸಿದ್ದರಿಂದಲ್ಲ, ದೂರು ಬರುವ ಮೊದಲೇ ಹೋಗಿದ್ದರಿಂದ. ಬೆಳಿಗ್ಗೆ ಆರೂವರೆಗೆ, ಎಲ್ಲ ಮನೆಗಳಿಗೂ ಬೆಳಕು ಕಳಿಸುವ ಮೂಲ ಯಂತ್ರವಾದ ಓಎಲ್‌ಟಿಯಿಂದ ಎಲ್ಲ ಮನೆಗಳ ಬೆಳಕಿನ ಬಲದ ಪಟ್ಟಿ ತೆಗೆಯುತ್ತೇನೆ. ಸಂಪರ್ಕ ಕೊಟ್ಟ ದಿನದ ಅಂಕಿಯ ಪಕ್ಕ ಇಂದಿನ ಅಂಕಿ. ಮೂರು ಡಿಬಿ, ಅಂದರೆ ಡೆಸಿಬೆಲ್, ಇಳಿದಿದೆ ಎಂದರೆ ಅರ್ಧ ಬೆಳಕು ಹೋಯಿತು ಎಂದೇ ಲೆಕ್ಕ. ಆ ಮನೆ ಪಟ್ಟಿಯ ಮೇಲೆ ಬರುತ್ತದೆ. ಆ ಪಟ್ಟಿಯಲ್ಲಿ ಪ್ಲಾನಿನ ಕಾಲಮ್ಮನ್ನೇ ಅಳಿಸಿಹಾಕಿದೆ. ಸರದಿ ಬಾಕ್ಸಿನ ಪ್ರಕಾರ. ಒಂದೇ ಬಾಕ್ಸಿನಲ್ಲಿ ಎರಡು ಮನೆ ಇಳಿದಿದ್ದರೆ ಮನೆಗೆ ಹೋಗುವುದಿಲ್ಲ, ನೇರ ಬಾಕ್ಸಿಗೆ. ಮೂರು ಡಿಬಿ ಎಂಬುದು ಬೇಸಿಗೆಯ ಮಾತು. ಮಳೆಗಾಲಕ್ಕೆ ಅದನ್ನು ಎಷ್ಟಕ್ಕೆ ತರುತ್ತೇನೆ, ಎಷ್ಟು ದಿನದ ಸರಾಸರಿ ನೋಡುತ್ತೇನೆ ಎಂಬುದು ನನ್ನಲ್ಲೇ ಇರಲಿ. ಮೂರು ವರ್ಷ ನೆನೆದು ಕಲಿತದ್ದು ಅದು.

ಇನ್ನೊಂದು, ಡೈಯಿಂಗ್ ಗ್ಯಾಸ್ಪ್ ಸಂದೇಶ. ನಮ್ಮಲ್ಲಿ ಬಹಳ ಮಂದಿ ಅದನ್ನು ತೆರೆದೇ ನೋಡುವುದಿಲ್ಲ. ಕರೆಂಟ್ ಹೋಗಿ ಆರಿದ ಓಎನ್‌ಯು ಕೊನೆಯುಸಿರಿನಲ್ಲಿ ಹೇಳಿಹೋಗುತ್ತದೆ, ಕೇಬಲ್ ತುಂಡಾದರೆ ಹೇಳುವುದಿಲ್ಲ. ಇದನ್ನು ನೋಡತೊಡಗಿದ ಮೇಲೆ ಮಳೆಗಾಲದ ದೂರುಗಳಲ್ಲಿ ಮೂರನೇ ಒಂದು ಭಾಗ ಫೋನಿನಲ್ಲೇ ಮುಗಿಯಿತು. "ಅಮ್ಮ, ನಿಮ್ಮ ಮನೆಯ ಪ್ಲಗ್ ಒಮ್ಮೆ ನೋಡಿ" ಎನ್ನುವ ದನಿ ಮಾತ್ರ 399ರವರಿಗೂ ಮೃದುವಾಗಿರಬೇಕು ಎಂದು ಹುಡುಗರಿಗೆ ಕಟ್ಟಪ್ಪಣೆ.

ಮೂರನೆಯದಕ್ಕೆ ದುಡ್ಡು ಹೋಯಿತು. ಬೇಗ ಮುಗಿಯುತ್ತದೆಂದು 399ರ ಮನೆಗಳಿಗೆ ಕೈಯಲ್ಲೇ ಕೂರಿಸುವ ಫಾಸ್ಟ್ ಕನೆಕ್ಟರ್ ಹಾಕಿ, 999ರ ಮನೆಗಳಿಗೆ ಮಾತ್ರ ಫೈಬರ್ ತುದಿಗಳನ್ನು ಕರಗಿಸಿ ಬೆಸೆಯುವ ಸ್ಪ್ಲೈಸ್ ಮಾಡಿಸುತ್ತಿದ್ದೆ. ಎರಡನೇ ಮಳೆಗೆ ಆ ಕನೆಕ್ಟರುಗಳು ಸಡಿಲ. ಅರವತ್ತೈದು ಸಾವಿರಕ್ಕೆ ಹಳೆಯ ಸ್ಪ್ಲೈಸಿಂಗ್ ಮಷಿನ್ ಕೊಂಡು ತುದಿಯ ಮನೆಗಳಿಂದ ಆರಂಭಿಸಿ ಎಲ್ಲವನ್ನೂ ಬದಲಿಸಿದೆ. ಹದಿನಾಲ್ಕು ತಿಂಗಳು ಹಿಡಿಯಿತು.

ನಡುವೆ ಅಡ್ಡದಾರಿಯ ಪ್ರಯೋಗಗಳೂ ಆದವು. ಅಳಿಲಿನ ಕಾಟಕ್ಕೆ ಗ್ರೀಸಿಗೆ ಖಾರದ ಪುಡಿ ಕಲಸಿ ಕೇಬಲಿಗೆ ಬಳಿದೆ. ಬೇಸಿಗೆಯಲ್ಲಿ ಬಹಳ ಚೆನ್ನಾಗಿ ನಡೆಯಿತು, ಮೊದಲ ಮಳೆಗೆ ತೊಳೆದುಹೋಯಿತು. ಅಡಿಕೆ ತೋಟಗಳಲ್ಲಿ ಬಿಸಾಡಿದ ಹನಿ ನೀರಾವರಿಯ ಪೈಪನ್ನು ಉದ್ದಕ್ಕೆ ಸೀಳಿ ಕೇಬಲಿಗೆ ತೊಡಿಸಿದ್ದು ಈಗಲೂ ನಿಂತಿದೆ, ಖರ್ಚಿಲ್ಲ. ತಿಂಗಳಿಗೆ 50 ರೂಪಾಯಿ ಬಾಡಿಗೆಗೆ ನಲವತ್ತು ಮನೆಗಳಿಗೆ ಪುಟ್ಟ ಯುಪಿಎಸ್ ಕೊಟ್ಟೆ. ವರ್ಷದೊಳಗೆ ಹತ್ತು ಹನ್ನೆರಡರ ಬ್ಯಾಟರಿ ಉಬ್ಬಿತು. ಆ ದುಡ್ಡು ಹಿಂದಿರುಗಿಸಿದೆ. ಬೇರೆ ತಯಾರಕರ ಯುಪಿಎಸ್‌ನಿಂದ ಮತ್ತೆ ಶುರುಮಾಡಿದ್ದೇನೆ.

999ರವರು ಸುಮ್ಮನಿದ್ದರೇ ಎಂದು ಎಲ್ಲರೂ ಕೇಳುತ್ತಾರೆ. ಇರಲಿಲ್ಲ. ಒಬ್ಬ ಹಿರಿಯರು ಅಂಗಡಿಗೇ ಬಂದು, "ನಾನು ಅವರ ಎರಡೂವರೆ ಪಟ್ಟು ಕೊಡುತ್ತೇನಲ್ಲಪ್ಪ, ಮೊದಲು ನನ್ನ ಮನೆಗೆ ಬರಬೇಕಲ್ಲವೇ?" ಎಂದರು.

"ಎರಡೂವರೆ ಪಟ್ಟಿಗಿಂತ ಹೆಚ್ಚು ವೇಗ ಕೊಟ್ಟಿದ್ದೇನೆ ಸರ್. ನಿಮ್ಮ ಲೈನ್ ಕೊನೆಯ ಬಾರಿ ನಿಂತದ್ದು ಯಾವಾಗ ಹೇಳಿ" ಎಂದೆ.

ಅವರು ನೆನಪು ಮಾಡಿಕೊಳ್ಳಲು ಹೊತ್ತು ಹಿಡಿಯಿತು. ಅವರು ಉಳಿದರು. ಇಬ್ಬರು ಹೋದರು, ಮರಳಲಿಲ್ಲ. ಅವರ ದುಡ್ಡು ನನಗೆ ಬೇಕಿತ್ತು, ಆದರೆ ಅವರಿಗಾಗಿ ಹಳೆಯ ಸರದಿಯನ್ನು ಮತ್ತೆ ತರಲು ಮನಸ್ಸು ಬರಲಿಲ್ಲ.

ಈ ಜುಲೈನಲ್ಲಿ ದಿನಕ್ಕೆ ಐದಾರು ದೂರು. ಪೆಟ್ರೋಲ್ ಏಳು ಸಾವಿರ. ಇಡೀ ಮಳೆಗಾಲದಲ್ಲಿ ಬಿಟ್ಟವರು ಹನ್ನೊಂದು, ಅದರಲ್ಲಿ ನಾಲ್ವರು ಊರನ್ನೇ ಬಿಟ್ಟವರು. ಹೊಸದಾಗಿ ಬಂದವರು ನಲವತ್ತರ ಮೇಲೆ. ಯಾರು ಹೇಳಿದರೆಂದು ಕೇಳಿದರೆ ಅರ್ಧಕ್ಕರ್ಧ ಮಂದಿ ತೋಟದ ಕಡೆಯ 399ರ ಮನೆಯೊಂದರ ಹೆಸರು ಹೇಳುತ್ತಾರೆ.

ಅಜ್ಜಿ ಆ ವರ್ಷವೇ ಸಂಪರ್ಕ ಬಿಟ್ಟಿದ್ದರು. ಕಳೆದ ದೀಪಾವಳಿಗೆ ನಾನೇ ಹೋಗಿ, ಶುಲ್ಕವಿಲ್ಲದೆ ಹೊಸ ಡ್ರಾಪ್ ಎಳೆದು, ಸ್ಪ್ಲೈಸ್ ಮಾಡಿ ಕೊಟ್ಟು ಬಂದೆ. ಮೈನಸ್ 21.4. ಇಂದು ಬೆಳಿಗ್ಗೆಯ ಪಟ್ಟಿಯಲ್ಲೂ 21.6 ಇತ್ತು. ಅದೇ ಬಾಕ್ಸಿನ ಇನ್ನೊಂದು ಮನೆ ಮಾತ್ರ ಎರಡು ಡಿಬಿ ಇಳಿದಿದೆ. ನಾಳೆ ಏಣಿ ಹಾಕಬೇಕು.